ಹಲ್ಲಿನ ಶಸ್ತ್ರಚಿಕಿತ್ಸೆಯ ನಂತರ ಚಿಂಚಿಲಾಕ್ಕೆ ಊಟ: ಎಷ್ಟು, ಹೇಗೆ, ಎಲ್ಲಿಯವರೆಗೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ಮನೆಯ ಚಿಂಚಿಲಾ (ಇಲಿ ಜಾತಿಯ, ದಟ್ಟ ತುಪ್ಪಳದ ಸಣ್ಣ ಸಾಕುಪ್ರಾಣಿ) ಬೆಳ್ಳಿಗೆ ಏಳು ವರ್ಷ. ಎರಡು ತಿಂಗಳಿನಿಂದ ಅವಳ ಗಲ್ಲ ಒದ್ದೆಯಾಗಿರುತ್ತಿತ್ತು, ಒಣಹುಲ್ಲು ತಿನ್ನುವುದೂ ಕಡಿಮೆಯಾಗಿತ್ತು. ಚೆನ್ನಾಗಿದ್ದಾಗ 560 ಗ್ರಾಂ ಇದ್ದವಳು ಶಸ್ತ್ರಚಿಕಿತ್ಸೆಯ ದಿನ 505 ಗ್ರಾಂಗೆ ಇಳಿದಿದ್ದಳು. ಅರಿವಳಿಕೆ ಕೊಟ್ಟು ದವಡೆ ಹಲ್ಲುಗಳ ಚೂಪುಗಳನ್ನು ಉಜ್ಜಿ ತೆಗೆದರು. ನಾಲಿಗೆಯ ಪಕ್ಕದಲ್ಲಿ ಹುಣ್ಣಾಗಿದೆ, ಎಕ್ಸ್‌ರೇಯಲ್ಲಿ ಬೇರುಗಳೂ ಸ್ವಲ್ಪ ಉದ್ದವಾಗಿ ಕಾಣುತ್ತಿವೆ ಎಂದರು. ನೋವಿನ ಔಷಧವನ್ನೂ ನೀರಿನಲ್ಲಿ ಕಲಸಿ ಸಿರಿಂಜ್‌ನಲ್ಲಿ ಕೊಡುವ ಪುಡಿಯನ್ನೂ ಕೊಟ್ಟು ಕಳುಹಿಸಿದರು. ಇಂದಿಗೆ ಐದನೆಯ ದಿನ. ದಿನಕ್ಕೆ ಎರಡು ಸಲ 8 ಮಿಲಿಯಂತೆ ಕೊಡುತ್ತಿದ್ದೇವೆ, ಅದಕ್ಕೂ ಒದ್ದಾಡುತ್ತಾಳೆ. ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಮೇವು) ಕೈಗೆತ್ತಿಕೊಳ್ಳುತ್ತಾಳೆ, ಆಮೇಲೆ ಬಿಟ್ಟುಬಿಡುತ್ತಾಳೆ. ಒಣದ್ರಾಕ್ಷಿ ಕೊಟ್ಟರೆ ಮಾತ್ರ ತಿನ್ನುತ್ತಾಳೆ. ಈಗ ತೂಕ 488 ಗ್ರಾಂ, ಹಿಕ್ಕೆ ಸಣ್ಣದಾಗಿದೆ. ಮೈಸೂರಿನಿಂದ ಬಂದಿರುವ ನನ್ನ ತಾಯಿ, ರಾಗಿ ಅಂಬಲಿಗೆ ಮಜ್ಜಿಗೆ ಸೇರಿಸಿ ಕೊಡು, ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ಹಲ್ಲಿಗೂ ಹೊಟ್ಟೆಗೂ ಒಳ್ಳೆಯದು ಎನ್ನುತ್ತಾರೆ. ಚಿಂಚಿಲಾ ಸಾಕಿದ ಪರಿಚಯದವರೊಬ್ಬರು, ಸಿರಿಂಜ್ ನಿಲ್ಲಿಸಿ, ಹಸಿವಾದರೆ ತಾನೇ ತಿನ್ನುತ್ತದೆ ಎಂದರು. ಕಡಿಯಲು ಮರದ ತುಂಡು ಇಟ್ಟಿದ್ದರೆ ಹೀಗಾಗುತ್ತಲೇ ಇರಲಿಲ್ಲ ಎಂದೂ ಹೇಳಿದರು. ಮಗಳಿಗೆ ಹಿಂದೆ ಬರೆದುಕೊಟ್ಟ ಅಮಾಕ್ಸಿಸಿಲಿನ್ ಸಿರಪ್ ಮನೆಯಲ್ಲಿದೆ, ಹುಣ್ಣು ಮಾಯಲು ಒಂದೆರಡು ಹನಿ ಕೊಡಬಹುದೇ? ಊಟ ಎಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು, ಅವಳು ಮತ್ತೆ ಹುಲ್ಲು ತಿಂದಾಳೆಯೇ? ಸಿರಿಂಜ್ ಕಂಡ ಕೂಡಲೇ ಅವಳು ಮೂಲೆಗೆ ಓಡುವುದನ್ನು ನೋಡಿ ಹನ್ನೊಂದು ವರ್ಷದ ಮಗಳು ಅಳುತ್ತಾಳೆ.

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ಅವೆಲ್ಲಕ್ಕೂ ಮೊದಲು ಒಂದು ಮಾತು. ಐದನೆಯ ದಿನವೂ ತೂಕ ಇಳಿಯುತ್ತಿದೆ, ಹಿಕ್ಕೆಯ ಗಾತ್ರ ಕುಗ್ಗಿದೆ ಎಂದಾದರೆ, ಬೆಳ್ಳಿಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಇಂದೇ ಫೋನ್ ಮಾಡಿ ಈ ಎರಡು ಸಂಗತಿಗಳನ್ನು ತಿಳಿಸಿ. ಮರುಪರೀಕ್ಷೆಗೆ ಕೊಟ್ಟ ದಿನದವರೆಗೆ ಕಾಯುವ ಸ್ಥಿತಿ ಇದಲ್ಲ. ಅವಳ ಬಾಯೊಳಗೆ ನೋಡಿದವರು ಅವರು, ನಾನಲ್ಲ. ನಾನು ಇಲ್ಲಿ ಬರೆಯುತ್ತಿರುವುದು ಆ ಮಾತುಕತೆಗೆ ನಿಮಗೆ ನೆರವಾಗಲಿ, ಮನೆಯಲ್ಲಿ ಇಂದು ಸಂಜೆಯಿಂದಲೇ ಬದಲಾಯಿಸಿಕೊಳ್ಳಬಹುದಾದದ್ದು ತಿಳಿಯಲಿ ಎಂಬ ಕಾರಣಕ್ಕೆ.

ನೀವು ಶಸ್ತ್ರಚಿಕಿತ್ಸೆಯ ದಿನದ 505ರಿಂದ ಲೆಕ್ಕ ಹಾಕುತ್ತಿರಬಹುದು. ಹಾಗೆ ನೋಡಿದರೆ ಇಳಿದದ್ದು 17 ಗ್ರಾಂ, ಅಂದರೆ ಶೇಕಡಾ ಮೂರಕ್ಕೆ ಸ್ವಲ್ಪ ಮೇಲೆ. ಅಷ್ಟೇನೂ ಹೆದರಿಸುವಂಥದ್ದಲ್ಲ ಅನ್ನಿಸುತ್ತದೆ. ಆದರೆ ಲೆಕ್ಕ ಶುರುವಾಗಬೇಕಾದದ್ದು ಅವಳು ಆರೋಗ್ಯವಾಗಿದ್ದಾಗಿನ 560ರಿಂದ. ಅಲ್ಲಿಂದ ಇಲ್ಲಿಗೆ 72 ಗ್ರಾಂ ಹೋಗಿದೆ, ಸುಮಾರು ಶೇಕಡಾ 13. ಅರವತ್ತು ಕಿಲೋ ತೂಗುವ ಮನುಷ್ಯ ಎರಡು ತಿಂಗಳಲ್ಲಿ ಎಂಟು ಕಿಲೋದಷ್ಟು ಕಳೆದುಕೊಂಡ ಹಾಗೆ. ಚಿಂಚಿಲಾದಲ್ಲಿ ಶೇಕಡಾ ಹತ್ತು ಇಳಿದರೆ ನಾವು ವೈದ್ಯರು ಅದನ್ನು ಗಂಭೀರವೆಂದೇ ಎಣಿಸುತ್ತೇವೆ. ಇದು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಈ ಪ್ರಾಣಿಯ ತುಪ್ಪಳ ನೆಲದ ಮೇಲಿನ ಪ್ರಾಣಿಗಳಲ್ಲೇ ಅತ್ಯಂತ ದಟ್ಟವಾದದ್ದು. ನಮ್ಮ ತಲೆಯಲ್ಲಿ ಒಂದು ರಂಧ್ರದಿಂದ ಒಂದೆರಡು ಕೂದಲು ಬಂದರೆ ಚಿಂಚಿಲಾಕ್ಕೆ ಐವತ್ತಕ್ಕೂ ಹೆಚ್ಚು ಎಳೆಗಳು ಒಟ್ಟಿಗೆ ಬರುತ್ತವೆ. ಮೂಳೆ ಎದ್ದ ಮೈಯನ್ನು ಅದು ಗುಂಡಗೆ ತೋರಿಸುತ್ತದೆ. ಬೆರಳ ತುದಿಯಿಂದ ಬೆನ್ನುಮೂಳೆಯ ಉದ್ದಕ್ಕೂ ಮೆಲ್ಲಗೆ ಸವರಿ ನೋಡಿ, ನಾನು ಹೇಳುತ್ತಿರುವುದು ಕೈಗೇ ತಿಳಿಯುತ್ತದೆ.

ಇನ್ನು ಹಲ್ಲಿನ ವಿಷಯ. ಚಿಂಚಿಲಾಕ್ಕೆ ಒಟ್ಟು 20 ಹಲ್ಲುಗಳು: ಎದುರಿಗೆ ನಾಲ್ಕು ಬಾಚಿಹಲ್ಲು, ಒಳಗೆ ಹದಿನಾರು ದವಡೆ ಹಲ್ಲು. ಇಪ್ಪತ್ತೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲಂತೂ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಚಿಲಿ ದೇಶದ ಆಂಡೀಸ್ ಬೆಟ್ಟಗಳ ಒಣ, ಕಲ್ಲು ಇಳಿಜಾರುಗಳಲ್ಲಿ ಒರಟು ಹುಲ್ಲು, ಕುರುಚಲು ಗಿಡಗಳನ್ನು ರಾತ್ರಿಯಿಡೀ ಅಗಿದು ಬದುಕುವ ಪ್ರಾಣಿಗೆ ಈ ಬೆಳವಣಿಗೆ ಅಗತ್ಯ, ಬೆಳೆದಷ್ಟೂ ಸವೆಯುತ್ತದೆ. ಮನೆಯ ಪಂಜರದಲ್ಲಿ ಪೆಲೆಟ್ ತಿಂದು ಬದುಕುವಾಗ ಆ ಸವೆತ ಕಡಿಮೆಯಾಗುತ್ತದೆ. ಪೆಲೆಟ್ಟನ್ನು ಅದು ಮೇಲೆ ಕೆಳಗೆ ಒತ್ತಿ ಪುಡಿ ಮಾಡಿ ನುಂಗುತ್ತದೆ, ನಾಲ್ಕು ಸಲ ಅಗಿದರೆ ಮುಗಿಯಿತು. ಒಣಹುಲ್ಲನ್ನು ಮಾತ್ರ ದವಡೆಯನ್ನು ಅಡ್ಡಡ್ಡ ಸರಿಸುತ್ತ, ಬೀಸುವ ಕಲ್ಲು ತಿರುಗಿದ ಹಾಗೆ ಅರೆಯಬೇಕಾಗುತ್ತದೆ. ದವಡೆ ಹಲ್ಲು ಸಮನಾಗಿ ಸವೆಯುವುದು ಆ ಅರೆತದಿಂದಲೇ.

ಸವೆಯದ ಹಲ್ಲು ಎರಡೂ ಕಡೆಗೆ ಬೆಳೆಯುತ್ತದೆ. ಬಾಯಿಯೊಳಗೆ ಮೇಲಿನ ಸಾಲಿನ ಹಲ್ಲುಗಳ ಅಂಚು ಕೆನ್ನೆಯ ಕಡೆಗೂ ಕೆಳಗಿನ ಸಾಲಿನದು ನಾಲಿಗೆಯ ಕಡೆಗೂ ಮುಳ್ಳಿನಂತೆ ಚೂಪಾಗಿ ಚುಚ್ಚುತ್ತದೆ. ಬೆಳ್ಳಿಯ ನಾಲಿಗೆಯ ಹುಣ್ಣು, ಒದ್ದೆಯಾದ ಗಲ್ಲ ಎರಡಕ್ಕೂ ಅದೇ ಕಾರಣ. ಮೇಲಕ್ಕೆ ಜಾಗವಿಲ್ಲದಾಗ ಹಲ್ಲು ಹಿಂದಕ್ಕೆ, ಅಂದರೆ ಬೇರಿನ ಕಡೆಗೆ, ದವಡೆಯ ಮೂಳೆಯೊಳಕ್ಕೆ ಒತ್ತಿಕೊಂಡು ಹೋಗುತ್ತದೆ. ಮೇಲ್ದವಡೆಯ ಬೇರು ಹಾಗೆ ಬೆಳೆದರೆ ಕಣ್ಣೀರಿನ ನಾಳ ಅದುಮಿ ಕಣ್ಣಲ್ಲಿ ನೀರು ಸುರಿಯಲು ಶುರುವಾಗುತ್ತದೆ, ಕೆಳದವಡೆಯಲ್ಲಾದರೆ ಗದ್ದದ ಕೆಳಗೆ ಬೆರಳಿಗೆ ಗಂಟುಗಂಟಾಗಿ ಸಿಗುತ್ತದೆ. ಬಾಯಿಯೊಳಗಿನ ಚೂಪನ್ನು ಉಜ್ಜಿ ತೆಗೆಯಬಹುದು. ಮೂಳೆಯೊಳಕ್ಕೆ ಇಳಿದ ಬೇರನ್ನು ಹಿಂದಕ್ಕೆ ಎಳೆಯುವ ಉಪಾಯ ಇಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ಪತ್ರದ ಕೊನೆಗೆ ನೀವು ಕೇಳಿದ ಪ್ರಶ್ನೆಗೆ ಇದರಲ್ಲೇ ಉತ್ತರವಿದೆ.

ಮರದ ತುಂಡಿನ ಮಾತನ್ನು ಇಲ್ಲೇ ಮುಗಿಸುತ್ತೇನೆ. ಸೇಬಿನ ಗಿಡದ ಕಡ್ಡಿ, ಕಡಿಯುವ ಕಲ್ಲು ಇವೆಲ್ಲ ಬಾಚಿಹಲ್ಲಿಗೆ ಕೆಲಸ ಕೊಡುತ್ತವೆ, ಬೇಸರವನ್ನೂ ಕಳೆಯುತ್ತವೆ. ಒಳಗಿನ ದವಡೆ ಹಲ್ಲಿಗೆ ಅವು ತಾಗುವುದೇ ಇಲ್ಲ. ಕಡ್ಡಿ ಇಡದಿದ್ದದ್ದು ನಿಮ್ಮ ತಪ್ಪಲ್ಲ. ಒಂದು ಪಾಲು ವಂಶದ್ದೂ ಇರುತ್ತದೆ. ಅಮೆರಿಕದಲ್ಲಿ ಇಂದು ಸಾಕುತ್ತಿರುವ ಚಿಂಚಿಲಾಗಳ ಮೂಲ ಬಹುಮಟ್ಟಿಗೆ 1923ರಲ್ಲಿ ಎಂ. ಎಫ್. ಚಾಪ್‌ಮನ್ ಎಂಬ ಗಣಿ ಎಂಜಿನಿಯರ್ ಚಿಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ತಂದ ಒಂದು ಡಜನ್‌ನಷ್ಟು ಪ್ರಾಣಿಗಳಿಗೆ ಹೋಗಿ ಮುಟ್ಟುತ್ತದೆ. ತಲೆಮಾರುಗಳಿಂದ ತುಪ್ಪಳದ ಬಣ್ಣಕ್ಕಾಗಿ ಆರಿಸಿ ಸಾಕಿದ ಪ್ರಾಣಿ ಇದು, ಹಲ್ಲಿಗಾಗಿ ಯಾರೂ ಆರಿಸಲಿಲ್ಲ.

ಚೂಪು ಹೋದ ಮೇಲೂ ಅವಳು ಏಕೆ ತಿನ್ನುತ್ತಿಲ್ಲ? ಪೆಲೆಟ್ ಎತ್ತಿಕೊಂಡು ಬಿಡುತ್ತಾಳೆ ಎಂದು ಬರೆದಿದ್ದೀರಲ್ಲ, ಆ ಸಾಲು ಓದುವಾಗ ನನಗೆ ಆ ದೃಶ್ಯ ಕಣ್ಣಿಗೆ ಕಟ್ಟಿತು. ಇಂಥ ಎಷ್ಟೋ ಪ್ರಾಣಿಗಳನ್ನು ನೋಡಿದ್ದೇನೆ. ಹಿಂಗಾಲ ಮೇಲೆ ಕೂತು, ಪೆಲೆಟ್ಟನ್ನು ಎರಡೂ ಮುಂಗೈಗಳಲ್ಲಿ ಹಿಡಿದು, ಒಮ್ಮೆ ತಿರುಗಿಸಿ, ತುದಿಯನ್ನು ಬಾಚಿಹಲ್ಲಿನಿಂದ ಮುರಿಯುತ್ತದೆ. ಚೂರು ಒಳಗೆ ಹೋಗಿ ನಾಲಿಗೆಗೆ ತಾಗಿದ ಕ್ಷಣ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತುಬಿಡುತ್ತದೆ. ಆಮೇಲೆ ಕೈಬಿಡುತ್ತದೆ. ಹಸಿವಿಲ್ಲದ ಪ್ರಾಣಿ ತಟ್ಟೆಯ ಬಳಿಗೇ ಬರುವುದಿಲ್ಲ. ಬಂದು, ಎತ್ತಿ, ಬಿಡುವ ಪ್ರಾಣಿಗೆ ಹಸಿವಿದೆ, ನೋವೂ ಇದೆ. ಹುಣ್ಣು ಮಾಯಲು ಒಂದು ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಜೊತೆಗೆ, ಅರಿವಳಿಕೆಯಲ್ಲಿ ಅದರ ಪುಟ್ಟ ಬಾಯನ್ನು ಉಪಕರಣದಿಂದ ಅಗಲಿಸಿ ಹಿಡಿದಿರುತ್ತಾರೆ, ದವಡೆಯ ಕೀಲು ಮತ್ತು ಸ್ನಾಯುಗಳು ಕೆಲವು ದಿನ ಬಿಗಿದುಕೊಂಡಿರುತ್ತವೆ. ಉಜ್ಜಿದ ಹಲ್ಲಿನ ಮೇಲ್ಮೈ ನುಣುಪಾಗಿರುವುದರಿಂದ ಹುಲ್ಲು ಮೊದಲಿನಂತೆ ಅರೆಯುವುದಿಲ್ಲ; ಬೀಸುವ ಕಲ್ಲಿಗೆ ಮುಳ್ಳು ಹಾಕಿಸಬೇಕಾದ ಹಾಗೆ, ಆ ಏಣುಗಳು ಮತ್ತೆ ಮೂಡಬೇಕು.

ಆದ್ದರಿಂದ ಐದನೆಯ ದಿನ ಹುಲ್ಲು ಮುಟ್ಟದಿರುವುದು ಅಸಹಜವಲ್ಲ. ನನಗೆ ಆತಂಕ ತಂದದ್ದು ಬೇರೆ: ಹುಲ್ಲಿನ ಬದಲಿಗೆ ಅವಳ ಹೊಟ್ಟೆಗೆ ಹೋಗಬೇಕಾದಷ್ಟು ಹೋಗುತ್ತಿಲ್ಲ.

ಹಸಿವಾದರೆ ತಾನೇ ತಿನ್ನುತ್ತದೆ ಎಂಬ ಸಲಹೆ ನಾಯಿಗೆ ಒಂದು ದಿನದ ಮಟ್ಟಿಗೆ ಒಪ್ಪೀತು. ಹುಲ್ಲು ತಿನ್ನುವ ಈ ಸಣ್ಣ ಪ್ರಾಣಿಗಳಿಗೆ ಅದು ಜೀವಕ್ಕೇ ಅಪಾಯ. ಹಸು ಹುಲ್ಲನ್ನು ಹುದುಗಿಸುವುದು ಹೊಟ್ಟೆಯ ಮುಂಭಾಗದಲ್ಲಿ, ಮೆಲುಕು ಹಾಕುತ್ತ. ಚಿಂಚಿಲಾ ಹುದುಗಿಸುವುದು ಹಿಂಭಾಗದಲ್ಲಿ, ಕುರುಡುಗರುಳು ಎಂಬ ದೊಡ್ಡ ಚೀಲದಲ್ಲಿ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಆಹಾರವಾಗಿ ಬದಲಾಯಿಸಿಕೊಡುತ್ತವೆ, ಮತ್ತು ಮೇಲಿನಿಂದ ನಾರು ಬರುತ್ತಿದ್ದರೆ ಮಾತ್ರ ಕರುಳು ಚಲಿಸುತ್ತದೆ. ಊಟ ನಿಂತರೆ ಕರುಳು ನಿಧಾನವಾಗುತ್ತದೆ, ಒಳಗಿನದು ಒಣಗುತ್ತದೆ, ಅನಿಲ ತುಂಬುತ್ತದೆ, ಹೊಟ್ಟೆ ನೋಯುತ್ತದೆ, ನೋವಿನಿಂದ ಹಸಿವೇ ಸಾಯುತ್ತದೆ. ವಾಂತಿ ಮಾಡಿ ಹಗುರಾಗೋಣವೆಂದರೆ ಆ ಶಕ್ತಿಯೂ ಅದಕ್ಕಿಲ್ಲ. ಒಂದೆರಡು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಂಡು ಯಕೃತ್ತೂ ಸೋಲತೊಡಗುತ್ತದೆ. ಆ ಪರಿಚಯದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ದಯವಿಟ್ಟು ಸಿರಿಂಜ್ ನಿಲ್ಲಿಸಬೇಡಿ. ಈ ವಾರ ಸಿರಿಂಜ್‌ನ ಊಟವೇ ಅವಳಿಗೆ ಚಿಕಿತ್ಸೆ.

ಎಷ್ಟು ಕೊಡಬೇಕು? ಒಣಹುಲ್ಲಿನ ಪುಡಿಯಿಂದ ಮಾಡಿದ ಚೇತರಿಕೆಯ ಆಹಾರವನ್ನು, ಅದು ಆಕ್ಸ್‌ಬೋ ಕ್ರಿಟಿಕಲ್ ಕೇರ್ ಇರಲಿ, ಎಮರೇಡ್ ಇರಲಿ, ತಾನಾಗಿ ಏನೂ ತಿನ್ನದ ಪ್ರಾಣಿಗೆ ನಾವು ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 80 ಮಿಲಿಯ ಲೆಕ್ಕದಲ್ಲಿ ಕೊಡಿಸುತ್ತೇವೆ. 488 ಗ್ರಾಂನ ಬೆಳ್ಳಿಗೆ ಅದು ದಿನಕ್ಕೆ 24ರಿಂದ 39 ಮಿಲಿ ಆಗುತ್ತದೆ. ನೀವು ಕೊಡುತ್ತಿರುವುದು 16 ಮಿಲಿ. ಎಂದರೆ ಕನಿಷ್ಠ ಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ, ಮೇಲೆ ಒಂದೆರಡು ಒಣದ್ರಾಕ್ಷಿ. ತೂಕ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ, ಇದರಲ್ಲಿ ನಿಮ್ಮ ಪ್ರೀತಿಗೆ ಕೊರತೆಯೂ ಇಲ್ಲ. ಅಳತೆಯನ್ನು ಬಿಡಿಸಿ ಹೇಳುವ ಹೊಣೆ ನಮ್ಮ ವೃತ್ತಿಯವರದು. ಇಂದು 5 ಮಿಲಿಯಂತೆ ಐದು ಸಲ ಕೊಡಿ. ಹಿಕ್ಕೆ ಬರುತ್ತಿದ್ದು ಹೊಟ್ಟೆ ಮೆತ್ತಗಿದ್ದರೆ ನಾಳೆ ನಾಡಿದ್ದರಲ್ಲಿ ಒಂದು ಸಲಕ್ಕೆ 6 ಮಿಲಿಗೆ ಏರಿಸಿ, ದಿನಕ್ಕೆ 30 ಮಿಲಿಯ ಆಸುಪಾಸಿಗೆ ತನ್ನಿ. ಒಂದೇ ಸಲಕ್ಕೆ 8 ಮಿಲಿ ಅವಳ ಜಠರಕ್ಕೆ ಹೆಚ್ಚು, ಒದ್ದಾಟಕ್ಕೆ ಅದೂ ಒಂದು ಕಾರಣವಿದ್ದೀತು. ಕಡಿಮೆ ಅಳತೆ, ಹೆಚ್ಚು ಸಲ. ಚಿಂಚಿಲಾ ಸಂಜೆಯಿಂದ ಬೆಳಗಿನವರೆಗೆ ಎಚ್ಚರವಿರುವ ಪ್ರಾಣಿ, ಹಾಗಾಗಿ ಕೆಲಸಕ್ಕೆ ಹೋಗುವವರಿಗೂ ಒಗ್ಗುವ ವೇಳೆ ಸಿಗುತ್ತದೆ: ಬೆಳಿಗ್ಗೆ ಆರು, ಮಧ್ಯಾಹ್ನ ತಾಯಿಯವರ ನೆರವಿನಿಂದ ಒಮ್ಮೆ, ಸಂಜೆ ಐದು, ರಾತ್ರಿ ಎಂಟೂವರೆ, ಮಲಗುವ ಮುನ್ನ ಒಮ್ಮೆ. ವೈದ್ಯರು ಬೇರೆ ಅಳತೆ ಹೇಳಿದರೆ ಅವರದೇ ಸರಿ.

ಪುಡಿ ಒಂದು ಪಾಲಿಗೆ ಉಗುರುಬೆಚ್ಚಗಿನ ನೀರು ಎರಡು ಪಾಲು ಹಾಕಿ ಕಲಸಿ, ಐದು ನಿಮಿಷ ಬಿಡಿ. ನಾರು ನೀರು ಕುಡಿದು ಉಬ್ಬುತ್ತದೆ. ಮತ್ತೆ ಸ್ವಲ್ಪ ನೀರು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಒಂದು ಮಿಲಿಯ ಸಿರಿಂಜ್‌ನ ಸಣ್ಣ ಮೂತಿಯಲ್ಲಿ ನಾರು ಸಿಕ್ಕಿಕೊಂಡು, ಬಲವಾಗಿ ಒತ್ತಿದಾಗ ಒಮ್ಮೆಗೇ ಚಿಮ್ಮುತ್ತದೆ. ಉಸಿರಿನ ದಾರಿಗೆ ಆಹಾರ ಹೋಗುವುದು ಬಹುಮಟ್ಟಿಗೆ ಹೀಗೆಯೇ. ನುಣ್ಣಗೆ ಅರೆದ ಪುಡಿ ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನು ಕೇಳಿ. ಇಲ್ಲವಾದರೆ ಸಿರಿಂಜ್‌ನ ಮೂತಿಯನ್ನು ಕತ್ತರಿಸಿ, ಅಂಚನ್ನು ಉಗುರು ಉಜ್ಜುವ ಅರದಿಂದ ಉಜ್ಜಿ ನುಣುಪು ಮಾಡಿ, ನಿಮ್ಮ ತುಟಿಗೆ ಒತ್ತಿ ನೋಡಿ. ನಿಮಗೆ ತರಚಿದರೆ ಅವಳಿಗೂ ತರಚುತ್ತದೆ. ಕಲಸಿದ್ದನ್ನು ಬೆಳಿಗ್ಗೆ ಮಾಡಿಟ್ಟು ಫ್ರಿಜ್‌ನಲ್ಲಿಟ್ಟರೆ ಆ ದಿನದ ಮಟ್ಟಿಗೆ ಸರಿ, ಪ್ರತಿ ಸಲ ಬೇಕಾದಷ್ಟನ್ನೇ ಬೆಚ್ಚಗೆ ಮಾಡಿಕೊಳ್ಳಿ.

ಹಿಡಿಯುವ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒದ್ದಾಟದ ಬಹುಪಾಲು ಇಲ್ಲಿಂದಲೇ ಬರುತ್ತದೆ. ಅವಳನ್ನು ಎಂದೂ ಬೆನ್ನ ಮೇಲೆ ಮಲಗಿಸಬೇಡಿ. ನೀವು ನೆಲದ ಮೇಲೆ ಅಥವಾ ಸೋಫಾದಲ್ಲಿ ಕೂತು, ತೆಳುವಾದ ಟವೆಲ್ಲನ್ನು ಮೈಗೆ ಸಡಿಲವಾಗಿ ಸುತ್ತಿ, ಅವಳ ಬೆನ್ನು ನಿಮ್ಮ ಹೊಟ್ಟೆಗೆ ಆನುವಂತೆ, ನಾಲ್ಕು ಕಾಲುಗಳು ನಿಮ್ಮ ತೊಡೆಯ ಮೇಲೆ ಊರಿರುವಂತೆ ಕೂರಿಸಿಕೊಳ್ಳಿ. ಎದೆಗೂಡನ್ನು ಅದುಮಬಾರದು, ಪಕ್ಕೆಲುಬುಗಳು ಬೆಂಕಿಕಡ್ಡಿಯಷ್ಟು ತೆಳು. ತುಪ್ಪಳ ಹಿಡಿದು ಎಳೆಯಲೂಬಾರದು, ಹೆದರಿದರೆ ಹಿಡಿದ ಜಾಗದ ತುಪ್ಪಳ ಕಂತೆಯಾಗಿ ಕೈಗೆ ಬರುತ್ತದೆ. ಟವೆಲ್‌ನಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಇರಿಸಬೇಡಿ. ಈ ಪ್ರಾಣಿಗೆ ಸೆಕೆ ತಡೆಯುವುದಿಲ್ಲ, ಕೋಣೆಯ ತಾಪ 27 ಡಿಗ್ರಿ ದಾಟಿದರೇ ಅಪಾಯ. ಕಿವಿ ಕೆಂಪಗಾಗಿ ಬಿಸಿಯಾದರೆ ಟವೆಲ್ ತೆಗೆದು ಬಿಟ್ಟುಬಿಡಿ, ಅರ್ಧ ಗಂಟೆ ಕಳೆದು ಮತ್ತೆ ಪ್ರಯತ್ನಿಸಿ.

ಬಾಚಿಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ಸಂದು ಇದೆ. ಸಿರಿಂಜ್‌ನ ತುದಿ ಹೋಗಬೇಕಾದದ್ದು ಅಲ್ಲಿಗೆ, ಬಾಯಿಯ ಪಕ್ಕದಿಂದ, ಹುಣ್ಣಿಲ್ಲದ ಕಡೆಯಿಂದ. ನೇರವಾಗಿ ಗಂಟಲಿಗೆ ಗುರಿ ಇಡಬೇಡಿ. ಒಂದು ಸಲಕ್ಕೆ 0.2 ಮಿಲಿ, ಅಂದರೆ ಒಂದು ಕಡಲೆಕಾಳಿನಷ್ಟು, ಒತ್ತಿ ನಿಲ್ಲಿಸಿ. ದವಡೆ ಆಡುವುದನ್ನು ನೋಡಿ, ನುಂಗುವುದನ್ನು ನೋಡಿ, ಆಮೇಲೆ ಮುಂದಿನದು. 5 ಮಿಲಿ ಮುಗಿಯಲು ಹತ್ತು ನಿಮಿಷ ಹಿಡಿದರೆ ನೀವು ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ. ತಲೆ ಕೊಡವಿದರೆ, ಕೆಮ್ಮಿದಂತೆ ಮಾಡಿದರೆ ಬಿಟ್ಟುಬಿಡಿ. ಕೊನೆಗೆ ಒದ್ದೆ ಬಟ್ಟೆಯಿಂದ ಗಲ್ಲ, ಕುತ್ತಿಗೆ ಒರೆಸಿ, ಒಣ ಬಟ್ಟೆಯಿಂದ ತೇವ ಹೀರಿಸಿ. ಅಂಟಿದ ಆಹಾರ ದಟ್ಟ ತುಪ್ಪಳದಲ್ಲಿ ಒಣಗಿದರೆ ಚರ್ಮ ಕೊಳೆತು ಹುಣ್ಣಾಗುತ್ತದೆ. ನೀರಿನ ಸ್ನಾನ ಬೇಡ. ಅವಳು ನುಣ್ಣನೆಯ ಧೂಳಿನಲ್ಲಿ ಹೊರಳಿ ಮೈ ಶುಚಿ ಮಾಡಿಕೊಳ್ಳುವ ಧೂಳಿನ ಸ್ನಾನವನ್ನೂ ಗಲ್ಲ ಪೂರ್ತಿ ಒಣಗುವವರೆಗೆ ನಿಲ್ಲಿಸಿ.

ಪಂಜರದಲ್ಲಿ ಮಾತ್ರ ಹುಲ್ಲು ಸದಾ ಇರಲಿ, ಅವಳು ಮುಟ್ಟಲಿ ಬಿಡಲಿ. ಎರಡನೆಯ ಅಥವಾ ಮೂರನೆಯ ಕೊಯ್ಲಿನ ಟಿಮೊತಿ ಹುಲ್ಲು ಮೆತ್ತಗೆ, ಎಲೆ ಹೆಚ್ಚಾಗಿರುತ್ತದೆ, ಅದನ್ನು ತನ್ನಿ. ಆರ್ಚರ್ಡ್ ಹುಲ್ಲೂ ಆದೀತು. ಮೊದಲ ಕೆಲವು ದಿನ ಸ್ವಲ್ಪವನ್ನು ಕತ್ತರಿಯಿಂದ ಎರಡು ಸೆಂಟಿಮೀಟರ್‌ನಷ್ಟು ತುಂಡು ಮಾಡಿ ತಟ್ಟೆಯಲ್ಲಿಡಿ, ಉದ್ದನೆಯ ಹುಲ್ಲೂ ಪಕ್ಕದಲ್ಲಿರಲಿ. ನಮ್ಮ ರೈತರು ಕುದುರೆ ಮಸಾಲೆ ಎಂದು ಕರೆಯುವ ಆಲ್ಫಾಲ್ಫಾದಲ್ಲಿ ಶಕ್ತಿಯೂ ಕ್ಯಾಲ್ಸಿಯಮ್ಮೂ ಜಾಸ್ತಿ, ದಿನವೂ ತಿನ್ನಲು ಅದು ತಕ್ಕದ್ದಲ್ಲ. ಆದರೆ ಇಷ್ಟು ತೂಕ ಇಳಿದ ಪ್ರಾಣಿ ಅದನ್ನಾದರೂ ತಾನಾಗಿ ತಿಂದರೆ ಎರಡು ವಾರದ ಮಟ್ಟಿಗೆ ನಾನು ಒಂದು ಹಿಡಿ ಕೊಡಿಸುತ್ತೇನೆ. ಅವಳ ಮಾಮೂಲು ಪೆಲೆಟ್ಟನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಮುದ್ದೆ ಮಾಡಿ ಸಣ್ಣ ತಟ್ಟೆಯಲ್ಲಿಡಿ, ಎರಡು ಮೂರು ಗಂಟೆಗಳಲ್ಲಿ ತೆಗೆದುಬಿಡಿ, ಹುಳಿಯಾಗಬಾರದು. ನೀರಿನ ಬಾಟಲಿಯ ಲೋಹದ ಗುಂಡನ್ನು ನೋಯುವ ನಾಲಿಗೆಯಿಂದ ತಳ್ಳಲು ಅವಳು ಹಿಂಜರಿಯಬಹುದು, ಅದರ ಜೊತೆಗೆ ಭಾರದ ಪಿಂಗಾಣಿ ಬಟ್ಟಲಲ್ಲೂ ನೀರಿಡಿ.

ಈಗ ನಿಮ್ಮ ತಾಯಿಯವರ ಅಂಬಲಿಯ ವಿಚಾರ. ಅವರು ಹೇಳಿದ್ದರಲ್ಲಿ ಒಂದು ಮಾತು ನಿಜ: ಧಾನ್ಯಗಳಲ್ಲೇ ಕ್ಯಾಲ್ಸಿಯಂ ಹೆಚ್ಚಿರುವುದು ರಾಗಿಯಲ್ಲಿ, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಬಾಣಂತಿಗೂ ಕೂಸಿಗೂ ಕಾಯಿಲೆಯಿಂದ ಎದ್ದವರಿಗೂ ನಮ್ಮಲ್ಲಿ ಅದನ್ನೇ ಕೊಡುತ್ತಾರೆ, ನಾನೂ ಅದನ್ನೇ ಕುಡಿದು ಬೆಳೆದವನು. ಆದರೆ ಬೆಳ್ಳಿಯ ಹಲ್ಲು ಸವಕಲಾಗಿ ಶಕ್ತಿಗುಂದಿದ್ದಲ್ಲ, ಸವೆಯದೆ ಉದ್ದವಾದದ್ದು. ಈ ವಾರ ಕ್ಯಾಲ್ಸಿಯಂ ಅದನ್ನು ಸರಿಪಡಿಸುವುದಿಲ್ಲ. ರಾಗಿಯ ಬಹುಭಾಗ ಪಿಷ್ಟ. ನಾರನ್ನು ಹುದುಗಿಸುವ ಕರುಳಿಗೆ ಪಿಷ್ಟ ಸುರಿದರೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಮೇಲುಗೈ ಪಡೆದು ಅನಿಲ ತುಂಬುತ್ತದೆ, ಭೇದಿಯಾಗುತ್ತದೆ. ಮಜ್ಜಿಗೆ, ಮೊಸರು, ಹಾಲು ಮೂರೂ ಬೇಡ. ಮೊಸರಿನ ಜೀವಾಣು ಹೊಟ್ಟೆಗೆ ಒಳ್ಳೆಯದೆಂಬ ನಂಬಿಕೆ ಮನುಷ್ಯರಿಂದ ಬಂದದ್ದು. ಚಿಂಚಿಲಾದ ಕರುಳಿನಲ್ಲಿ ನೆಲೆಸುವ ಜೀವಾಣುಗಳು ಅವಲ್ಲ, ಹಾಲಿನ ಸಕ್ಕರೆ ಜೀರ್ಣಿಸುವ ಶಕ್ತಿಯೂ ಬೆಳೆದ ಚಿಂಚಿಲಾಕ್ಕಿಲ್ಲ. ಒಣದ್ರಾಕ್ಷಿಯನ್ನು ಇಂದಿನಿಂದ ನಿಲ್ಲಿಸಿ. ಅದು ಅಂಟುತ್ತದೆ, ಸಕ್ಕರೆ ತುಂಬಿದೆ, ನಾಲಿಗೆಗೆ ರುಚಿ ಹತ್ತಿಸಿ ಬೇರೆಯದನ್ನು ಬೇಡವೆನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ‘ಏನೋ ತಿನ್ನುತ್ತಿದ್ದಾಳಲ್ಲ’ ಎಂಬ ಸಮಾಧಾನವನ್ನು ನಮಗೆ ಸುಳ್ಳಾಗಿ ಕೊಡುತ್ತದೆ. ಪುಡಿಯ ರುಚಿ ಹಿಡಿಸದಿದ್ದರೆ ಸಕ್ಕರೆ, ಮಸಾಲೆ ಇಲ್ಲದ ಬೇಯಿಸಿದ ಸಿಹಿಗುಂಬಳದ ತಿರುಳನ್ನು ಕಾಲು ಚಮಚದಷ್ಟು ಸೇರಿಸಬಹುದು. ತಾಯಿಯವರಿಗೆ ಏನಾದರೂ ಮಾಡಿ ತಿನ್ನಿಸಬೇಕೆಂಬ ಆಸೆಯಿದ್ದರೆ ಆ ಕುಂಬಳ ಬೇಯಿಸುವ ಕೆಲಸ ಅವರದಾಗಲಿ.

ಅಮಾಕ್ಸಿಸಿಲಿನ್ ಸಿರಪ್ಪನ್ನು ಒಂದು ಹನಿಯೂ ಕೊಡಬೇಡಿ. ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಆ ಸಾಲು. ಅಮಾಕ್ಸಿಸಿಲಿನ್ ಸೇರಿದಂತೆ ಪೆನಿಸಿಲಿನ್ ಜಾತಿಯ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟಾಗ ಚಿಂಚಿಲಾ, ಗಿನಿಯಿಲಿ, ಮೊಲಗಳ ಕುರುಡುಗರುಳಿನ ಒಳ್ಳೆಯ ಜೀವಾಣುಗಳು ಸತ್ತು, ಕ್ಲಾಸ್ಟ್ರಿಡಿಯಂ ಎಂಬ ಜಾತಿ ಬೆಳೆದು ವಿಷ ಉತ್ಪಾದಿಸುತ್ತದೆ. ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು. ಕ್ಲಿಂಡಮೈಸಿನ್, ಎರಿಥ್ರೊಮೈಸಿನ್ ಕೂಡ ಹಾಗೆಯೇ. ಚೂಪು ತೆಗೆದ ಮೇಲೆ ನಾಲಿಗೆಯ ಹುಣ್ಣು ತಾನಾಗಿ ಮಾಯುತ್ತದೆ. ಕೀವು ತುಂಬಿದ್ದರೆ ಆ್ಯಂಟಿಬಯಾಟಿಕ್ ಬೇಕಾದೀತು, ಆದರೆ ಯಾವುದೆಂದು ಆರಿಸಬೇಕಾದವರು ಈ ಪ್ರಾಣಿಗಳನ್ನು ಬಲ್ಲ ವೈದ್ಯರು. ಮನುಷ್ಯರ ನೋವಿನ ಮಾತ್ರೆಗಳಿಗೂ ಇದೇ ಮಾತು.

ನೋವಿನ ಔಷಧದ ಬಗ್ಗೆ ಫೋನಿನಲ್ಲಿ ವಿಶೇಷವಾಗಿ ಕೇಳಿ. ಮೂರು ನಾಲ್ಕು ದಿನಕ್ಕೆ ಕೊಟ್ಟ ಔಷಧ ಮುಗಿದಿದೆಯೇ, ಕೊಡುವಾಗ ಅರ್ಧ ಹೊರಗೆ ಉಗುಳುತ್ತಿದ್ದಾಳೆಯೇ? ಮೆಲಾಕ್ಸಿಕ್ಯಾಮ್ ಒಂದೇ ಸಾಲದಿದ್ದಾಗ ಬ್ಯುಪ್ರೆನಾರ್ಫಿನ್‌ನಂಥ ಇನ್ನೊಂದನ್ನು ಸೇರಿಸುವುದು ರೂಢಿ. ಬೆನ್ನು ಗೂನಾಗಿಸಿ ಮೂಲೆಯಲ್ಲಿ ಕೂರುವುದು, ಕಣ್ಣು ಅರೆಮುಚ್ಚಿರುವುದು, ಹಲ್ಲು ಕಡಿಯುವ ಶಬ್ದ ಇವು ನೋವಿನ ಗುರುತುಗಳು. ಔಷಧ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಊಟ ಕೊಟ್ಟರೆ ಒದ್ದಾಟ ಕಡಿಮೆಯಾಗುವುದನ್ನು ನೀವೇ ನೋಡುವಿರಿ.

ಪ್ರತಿದಿನ ಒಂದೇ ಹೊತ್ತಿಗೆ, ಬೆಳಗಿನ ಊಟಕ್ಕೆ ಮುಂಚೆ, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ಅವಳನ್ನು ಡಬ್ಬಿಯಲ್ಲಿ ಕೂರಿಸಿ ತೂಗಿ, ಬರೆದಿಡಿ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ, ಸಂಜೆಯ ಹಿಕ್ಕೆಗಳನ್ನು ಮರುದಿನದವುಗಳ ಪಕ್ಕದಲ್ಲಿಟ್ಟು ಹೋಲಿಸಿ. ಆರೋಗ್ಯವಂತ ಚಿಂಚಿಲಾದ ಹಿಕ್ಕೆ ದಪ್ಪ ಅಕ್ಕಿಕಾಳಿಗಿಂತ ದೊಡ್ಡದು, ತುಂಬಿಕೊಂಡಿರುತ್ತದೆ, ದಿನಕ್ಕೆ ನೂರಾರು ಬೀಳುತ್ತವೆ. ಜೀರಿಗೆಯಂತೆ ಸಣ್ಣಗಾಗಿ, ಚೂಪಾಗಿ, ಒಣಗಿದ್ದರೆ ಕರುಳಿಗೆ ಕೆಲಸ ಸಾಲದು. ಊಟ ಹೆಚ್ಚಿಸಿದ ಒಂದೆರಡು ದಿನದಲ್ಲಿ ಅವು ದಪ್ಪಗಾಗತೊಡಗುತ್ತವೆ, ತೂಕ ಏರುವುದು ಅದರ ನಂತರ. ಹನ್ನೆರಡು ಗಂಟೆ ಹಿಕ್ಕೆಯೇ ಬೀಳದಿದ್ದರೆ, ಹೊಟ್ಟೆ ತಮಟೆಯಂತೆ ಬಿಗಿದರೆ, ಊಟದ ನಂತರ ಮೂಗಿನಲ್ಲಿ ಹಸಿರು ನೀರು ಅಥವಾ ಉಸಿರಿನಲ್ಲಿ ಸದ್ದು ಬಂದರೆ, ಕಿವಿ ತಣ್ಣಗಾಗಿ ಮಂಕಾಗಿ ಬಿದ್ದುಕೊಂಡರೆ ಫೋನ್ ಮಾಡುತ್ತ ಕೂರದೆ ರಾತ್ರಿಯಾದರೂ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಎಷ್ಟು ದಿನ ಎಂದು ಕೇಳಿದ್ದೀರಿ. ಚೂಪು ತೆಗೆದದ್ದಷ್ಟೇ ಆಗಿದ್ದರೆ ಹೆಚ್ಚಿನವು ಒಂದರಿಂದ ಎರಡು ವಾರದಲ್ಲಿ ತಾವಾಗಿ ತಿನ್ನಲು ಮರಳುತ್ತವೆ, ಹಲ್ಲು ಕಿತ್ತಿದ್ದರೆ ಇನ್ನೂ ತಡವಾಗುತ್ತದೆ. ನಿಲ್ಲಿಸುವುದನ್ನು ದಿನ ಎಣಿಸಿ ನಿರ್ಧರಿಸಬೇಡಿ. ಮೂರು ದಿನ ತೂಕ ಇಳಿಯದೆ ನಿಂತು, ಹಿಕ್ಕೆ ದಪ್ಪಗಾಗಿ, ಹುಲ್ಲನ್ನು ಅರೆಯುವ ಸದ್ದು ನಿಮಗೆ ಕೇಳಿಸಿದ ಮೇಲೆ ಮಧ್ಯಾಹ್ನದ ಒಂದು ಊಟ ಬಿಡಿ. ಎರಡು ದಿನ ತೂಕ ನೋಡಿ. ಸರಿಯಿದ್ದರೆ ಇನ್ನೊಂದು ಬಿಡಿ. ತೂಕ ಮತ್ತೆ ಇಳಿದರೆ ಹಿಂದಿನ ಹಂತಕ್ಕೆ ಬನ್ನಿ. ಸಿರಿಂಜ್‌ಗೆ ಒಗ್ಗಿಹೋಗಿ ಸೋಮಾರಿಯಾಗುತ್ತಾಳೆ ಎಂಬ ಹೆದರಿಕೆ ಬೇಡ. ಬಾಯಿ ನೋಯದಿದ್ದರೆ ಇಂಥ ಪ್ರಾಣಿಗೆ ಅಗಿಯದೆ ಇರಲಾಗದು.

ಎರಡು ವಾರ ಕಳೆದರೂ ಹುಲ್ಲು ಮುಟ್ಟದಿದ್ದರೆ ಮುಂದಿರುವ ದಾರಿಗಳನ್ನೂ ಈಗಲೇ ಹೇಳಿಬಿಡುತ್ತೇನೆ, ಆಗ ನಿರ್ಧಾರ ಅವಸರದ್ದಾಗುವುದಿಲ್ಲ. ಮೊದಲನೆಯದು, ಮತ್ತೆ ಅರಿವಳಿಕೆ ಕೊಟ್ಟು ಬಾಯಿ ನೋಡುವುದು. ಎಚ್ಚರವಿರುವ ಚಿಂಚಿಲಾದ ಕಿರಿದಾದ ಬಾಯಿಯಲ್ಲಿ ಉಳಿದ ಚೂಪುಗಳು, ಹಲ್ಲಿನ ಸಂದಿಗೆ ಸಿಕ್ಕಿದ ಹುಲ್ಲು ಕಣ್ತಪ್ಪುವುದು ಸಾಮಾನ್ಯ. ಸಾಧ್ಯವಾದರೆ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಬೇರುಗಳ ಸ್ಥಿತಿ ಎಕ್ಸ್‌ರೇಗಿಂತ ಸ್ಪಷ್ಟವಾಗುತ್ತದೆ, ಖರ್ಚು ಮಾತ್ರ ದೊಡ್ಡದು. ಶಕ್ತಿಗುಂದಿದ ಪ್ರಾಣಿಗೆ ಪ್ರತಿ ಅರಿವಳಿಕೆಯೂ ಅಪಾಯದ್ದೇ, ಅದಕ್ಕೇ ತೂಕ ಮೊದಲು ಏರಬೇಕು ಎಂದು ಇಷ್ಟು ಒತ್ತಿ ಹೇಳುತ್ತಿರುವುದು. ಎರಡನೆಯದು, ಕೆಲವು ದಿನ ಆಸ್ಪತ್ರೆಯಲ್ಲಿರಿಸಿ ಚರ್ಮದಡಿ ದ್ರವ, ಸರಿಯಾದ ನೋವಿನ ಔಷಧ, ಅಳತೆಯ ಊಟ ಕೊಡಿಸುವುದು. ಹೊಸ ಜಾಗದ ಗಾಬರಿ ಅದರ ಕಷ್ಟ. ಮೂರನೆಯದು, ಈಗಿನಂತೆಯೇ ಪುಡಿ ಆಹಾರದ ಮೇಲೆ ತಿಂಗಳುಗಟ್ಟಲೆ ಮುಂದುವರಿಸುವುದು. ಹಾಗೆ ಸಂತೋಷವಾಗಿ ಬದುಕಿದ ಚಿಂಚಿಲಾಗಳಿವೆ, ಆದರೆ ಹುಲ್ಲು ಅರೆಯದ ಹಲ್ಲು ಬೇಗ ಬೆಳೆಯುತ್ತದೆ, ಕೆಲವು ವಾರಗಳಿಗೊಮ್ಮೆ ಉಜ್ಜಿಸಬೇಕಾಗುತ್ತದೆ.

ಬೇರುಗಳು ಸ್ವಲ್ಪವೇ ಉದ್ದವಾಗಿವೆ ಎಂದು ವೈದ್ಯರು ಹೇಳಿದ್ದಾರೆ. ಅದು ಒಳ್ಳೆಯ ಸುದ್ದಿ. ಈ ಹಂತದಲ್ಲಿ ಸಿಕ್ಕಿಬಿದ್ದ ಪ್ರಾಣಿಗಳಲ್ಲಿ ಎಷ್ಟೋ ಮತ್ತೆ ಹುಲ್ಲಿಗೆ ಮರಳಿ, ನಾಲ್ಕಾರು ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುತ್ತ ವರ್ಷಗಳ ಕಾಲ ಬದುಕಿವೆ. ಪೂರ್ತಿ ವಾಸಿಯಾಯಿತು ಎಂದು ಮಾತ್ರ ನಾನು ಹೇಳಲಾರೆ; ಈ ತೊಂದರೆಯನ್ನು ಹಿಡಿತದಲ್ಲಿಡಬಹುದು, ಅಳಿಸಲಾಗದು. ಮುಂದೊಂದು ದಿನ ಬೇರುಗಳು ಕಣ್ಣಿನತ್ತ ಬೆಳೆದು, ಪ್ರತಿ ಉಜ್ಜುವಿಕೆಯ ನಡುವಿನ ಒಳ್ಳೆಯ ದಿನಗಳು ಕಡಿಮೆಯಾಗುತ್ತ ಬಂದರೆ, ನೋವಿಲ್ಲದೆ ಕಳುಹಿಸಿಕೊಡುವ ಮಾತನ್ನು ವೈದ್ಯರು ಎತ್ತಬಹುದು. ಅದು ಬಂದಾಗ ಅದನ್ನು ನಿಮ್ಮ ಸೋಲೆಂದು ತಿಳಿಯಬೇಡಿ. ಇಂದು ಆ ಪ್ರಶ್ನೆ ಇಲ್ಲ.

ಮಗಳ ವಿಷಯ. ಸಿರಿಂಜ್ ಹಿಡಿಯುವ ಕೈ ದೊಡ್ಡವರದ್ದೇ ಆಗಿರಲಿ, ಮತ್ತು ಪ್ರತಿ ಸಲವೂ ಒಬ್ಬರೇ, ಒಂದೇ ಜಾಗದಲ್ಲಿ, ಅದೇ ಟವೆಲ್‌ನಲ್ಲಿ ಮಾಡಿ. ಪಂಜರದೊಳಗೆ ಸಿರಿಂಜ್ ತೋರಿಸಬೇಡಿ, ಪಂಜರ ಅವಳಿಗೆ ಭಯವಿಲ್ಲದ ಜಾಗವಾಗಿ ಉಳಿಯಲಿ. ಊಟ ಮುಗಿದು ಅವಳನ್ನು ಒಳಗೆ ಬಿಟ್ಟ ಮೇಲೆ ಹೊಸ ಹುಲ್ಲಿನ ಹಿಡಿಯನ್ನು ಇಡುವುದು ಮಗಳ ಕೆಲಸವಾಗಲಿ. ಬೆಳಗಿನ ತೂಕ ಓದಿ ಪುಸ್ತಕದಲ್ಲಿ ಬರೆಯುವುದೂ, ಕಾಗದದ ಮೇಲಿನ ಹಿಕ್ಕೆ ಎಣಿಸುವುದೂ ಅವಳದೇ ಇರಲಿ. ಹನ್ನೊಂದು ವರ್ಷದ ಮಕ್ಕಳು ಈ ಕೆಲಸವನ್ನು ನಮಗಿಂತ ಶಿಸ್ತಾಗಿ ಮಾಡುತ್ತಾರೆ, ಅದು ನನ್ನ ಅನುಭವ. ಮರುಪರೀಕ್ಷೆಗೆ ಹೋಗುವಾಗ ಆ ಪುಸ್ತಕವನ್ನೂ ಹಿಂದಿನ ದಿನದ ಹಿಕ್ಕೆಗಳನ್ನು ಒಂದು ಪುಟ್ಟ ಚೀಲದಲ್ಲೂ ತೆಗೆದುಕೊಂಡು ಹೋಗಿ. ವೈದ್ಯರು ಬಾಯಿ ತೆರೆಸಿ ನೋಡುವ ಮುನ್ನ ಅವರಿಗೆ ಮೊದಲು ಬೇಕಾಗುವುದು ಅವೆರಡೇ.